ನಲವತ್ತು ತೆಂಗಿನ ಮರಕ್ಕೊಂದು ಜೀಪು

ನನ್ನ ಬಗ್ಗೆ ಊರವರು ಆಡಿಕೊಳ್ಳುವುದರಲ್ಲಿ ಅರ್ಧ ಶುದ್ಧ ಸುಳ್ಳು. ಉಳಿದರ್ಧ ನಾನೇ ಹೇಳಿದ್ದು. ಕೆಲವರ ಹಿತ್ತಿಲಲ್ಲಿ ಕುಂಬಳದ ಬಳ್ಳಿ ತಾನಾಗಿ ಹುಟ್ಟುತ್ತದಲ್ಲ, ಹಾಗೆ ನನ್ನ ಸುತ್ತ ಪ್ರಸಂಗಗಳು ಹುಟ್ಟುತ್ತವೆ. ನಾನು ಬೀಜ ಹಾಕಿದವನಲ್ಲ. ಆಗಾಗ ಒಂದು ಚೊಂಬು ನೀರು ಹಾಕಿದ್ದೇನೆ, ಅಷ್ಟೆ. ಆದರೆ ಜೀಪಿನ ವಿಷಯಕ್ಕೆ ನೀರು ಹಾಕುವ ಅಗತ್ಯವೇ ಬೀಳಲಿಲ್ಲ.

ದೊಡ್ಡ ಲೋಟ

ಎಪ್ಪತ್ತರ ದಶಕದ ಕೊನೆಯ ಮಾತು. ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ, ತಿಪಟೂರಿನಲ್ಲಿ ಅಂಗಡಿ ಇಟ್ಟವನು, ಒಂದು ಮೋಟಾರ್ ಸೈಕಲ್ ತೆಗೆದುಕೊಂಡ. ಹಬ್ಬಕ್ಕೆ ಹಾಲ್ಕುರಿಕೆಯ ಮಾವನ ಮನೆಗೆ ಅದರಲ್ಲೇ ಬಂದ. ನಾನು ಬಸ್ಸಿಳಿದು ನಡೆದು ಬಂದೆ. ಅತ್ತೆಯವರು ಅವನಿಗೆ ದೊಡ್ಡ ಲೋಟದಲ್ಲಿ ಕಾಫಿ ಕೊಟ್ಟರು. ನನಗೆ ಸಣ್ಣ ಲೋಟ. ಹಿರಿಯಳಿಯ ನಾನು! ಆ ಸಣ್ಣ ಲೋಟದಲ್ಲೇ ಮುಖ ನೋಡಿಕೊಂಡು ಶಪಥ ಮಾಡಿದೆ: ಅವನದು ಎರಡು ಚಕ್ರವಾದರೆ ನನ್ನದು ನಾಲ್ಕು.

ನಮ್ಮೂರು ಕೆರೆಯ ಮೇಲುಗಡೆ. ಏರಿ ದಾಟಿ ಕೆಳಗಿಳಿದರೆ ಪಕ್ಕದೂರು. ಅಲ್ಲಿನ ಕೊಬ್ಬರಿ ಸಾವ್ಕಾರರ ಕೊಟ್ಟಿಗೆಯಲ್ಲಿ ಒಂದು ಜೀಪಿತ್ತು. ಮಿಲಿಟರಿಯವರು ಹರಾಜು ಹಾಕಿದ ಮುದಿ ಜೀಪು. ಸಾವ್ಕಾರರಿಗೆ ಓಡಿಸಲು ಬರುತ್ತಿರಲಿಲ್ಲ. ಕೊಟ್ಟಿಗೆಯಲ್ಲಿ ಎರಡು ಹಸು, ಒಂದು ಜೀಪು ಸಾಲಾಗಿ ನಿಂತಿರುತ್ತಿದ್ದವು.

"ಜೀಪು ಬಾಡಿಗೆಗೆ ಕೊಡ್ತೀರಾ ಸಾವ್ಕಾರ್ರೇ?" ಅಂದೆ.

"ಬಾಡಿಗೆಗೆ ಕೊಡೋಕೆ ನಾನೇನು ಸೈಕಲ್ ಶಾಪ್ ಇಟ್ಟಿದೀನಾ ಗೌಡ್ರೇ? ಭೋಗ್ಯಕ್ಕಾದ್ರೆ ತಗೊಳ್ಳಿ."

ಭೋಗ್ಯವೆಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ತೋಟ ಭೋಗ್ಯಕ್ಕೆ ಹಾಕಿಕೊಂಡವನು ವಾಯಿದೆ ಮುಗಿಯುವವರೆಗೆ ಫಸಲು ತಿಂದು, ಆಮೇಲೆ ತೋಟವನ್ನು ಇದ್ದ ಹಾಗೆ ಬಿಟ್ಟುಕೊಡುವುದು. ಜೀಪು ಭೋಗ್ಯಕ್ಕೆ ಹಾಕಿಕೊಂಡವನು ಮಾತ್ರ ಮೂರು ತಾಲ್ಲೂಕಿನಲ್ಲಿ ನಾನೊಬ್ಬನೇ. ಜೀಪಿಗೆ ಬದಲು ಸಾವ್ಕಾರರು ಕೇಳಿದ್ದು ಬಾವಿ ಪಕ್ಕದ ನಲವತ್ತು ತೆಂಗಿನ ಮರದ ತೋಟ. ಯುಗಾದಿಯಿಂದ ಯುಗಾದಿಗೆ. ಅವರು ನನ್ನ ಕಾಯಿ ಕೀಳುವುದು, ನಾನು ಅವರ ಜೀಪು ಓಡಿಸುವುದು.

"ನನ್ನ" ಅಂದೆನಲ್ಲ, ಅದು ಬಾಯ್ಮಾತು. ಆ ತೋಟ ನನ್ನ ಹೆಂಡತಿಯದು. ಅರಿಶಿನ ಕುಂಕುಮಕ್ಕೆಂದು ಅವಳಪ್ಪ ಕೊಡಿಸಿದ್ದು. ವಿಷಯ ಹೇಳಿದಾಗ ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಧೈರ್ಯವಾಗಿರುತ್ತಿತ್ತು. ಮೊರದಲ್ಲಿ ರಾಗಿ ಕೇರುತ್ತಲೇ ಹೇಳಿದಳು:

"ಯುಗಾದಿಗೆ ನಲವತ್ತು ಮರಾನೂ ವಾಪಸ್ ಬರಬೇಕು. ಬರಲಿಲ್ವಾ, ನೀವೂ ಬರಬೇಡಿ."

ಜೀಪಿನ ಚಕ್ಕುಬಂದಿ

ಪತ್ರ ಬರೆಸಲು ತಾಲ್ಲೂಕು ಕಚೇರಿ ಮುಂದಿನ ಹುಣಸೆ ಮರದಡಿ ಕೂತಿದ್ದ ಪತ್ರ ಬರಹಗಾರರ ಹತ್ತಿರ ಹೋದೆವು. ಅವರು ನಲವತ್ತು ವರ್ಷದಿಂದ ಹೊಲ, ಮನೆ, ತೋಟದ ಪತ್ರ ಬಿಟ್ಟು ಬೇರೆ ಬರೆದವರಲ್ಲ. ಕನ್ನಡಕ ಏರಿಸಿ ಕೇಳಿದರು:

"ಸ್ವತ್ತಿನ ಚಕ್ಕುಬಂದಿ ಹೇಳಿ."

"ಜೀಪಿಗೆ ಎಂಥ ಚಕ್ಕುಬಂದಿ ಸ್ವಾಮಿ? ಅದು ಓಡಾಡುತ್ತೆ."

"ಓಡಾಡೋದು ನಿಮ್ಮ ಕಷ್ಟ. ನಾಲ್ಕು ದಿಕ್ಕು ಇಲ್ಲದ ಸ್ವತ್ತಿಗೆ ನಾನು ಪತ್ರ ಬರೆಯಲ್ಲ. ಈಗ ಎಲ್ಲಿ ನಿಂತಿದೆ?"

ಸಾವ್ಕಾರರು ಹೇಳಿದರು, ಅವರು ಬರೆದರು. "ಪೂರ್ವಕ್ಕೆ ಹುಲ್ಲಿನ ಬಣವೆ, ಪಶ್ಚಿಮಕ್ಕೆ ಕಪ್ಪು ಹಸು, ಉತ್ತರಕ್ಕೆ ತಿಪ್ಪೆ, ದಕ್ಷಿಣಕ್ಕೆ ಓಡಾಡುವ ದಾರಿ. ಈ ಮಧ್ಯೆ ಇರುವ ಜೀಪು ಒಂದು, ಅದರಲ್ಲಿನ ನಿಧಿ ನಿಕ್ಷೇಪ ಜಲ ತರು ಪಾಷಾಣ ಸಮೇತ." ಕೊನೆಗೆ ಕರಾರು: ಯುಗಾದಿಯ ದಿನ ಜೀಪು ಎತ್ತು ಕಟ್ಟದೆ, ಆಳು ತಳ್ಳದೆ ಸಾವ್ಕಾರರ ಮನೆ ಮುಂದೆ ತಾನೇ ಬಂದು ನಿಲ್ಲತಕ್ಕದ್ದು, ತೋಟದ ನಲವತ್ತೂ ಮರ ನೆಟ್ಟಗೆ ನಿಂತಿರತಕ್ಕದ್ದು. ತಪ್ಪಿದವರ ಸ್ವತ್ತು ಇನ್ನೊಬ್ಬರಿಗೆ.

ಮೂರು ತಿಂಗಳಾದ ಮೇಲೆ ತಿಪಟೂರಿನ ದಾರಿಯಲ್ಲಿ ಒಬ್ಬ ಪೊಲೀಸಪ್ಪ ಕೈ ಅಡ್ಡ ಹಾಕಿದ. ಪಾಪ, ಕೈ ಹಾಕಿದ ಜಾಗಕ್ಕಿಂತ ನೂರು ಗಜ ಮುಂದೆ ಹೋಗಿ ನಿಂತಿತು ಜೀಪು. ಅವನು ಏದುಸಿರು ಬಿಡುತ್ತ ಬಂದು ಕೇಳಿದ: "ಪೇಪರ್ ತೆಗೀರಿ."

ನನ್ನ ಹತ್ತಿರ ಇದ್ದದ್ದು ಅದೊಂದೇ ಪೇಪರ್. ಅವನು ಎರಡು ಸಲ ಓದಿದ.

"ಏನ್ರೀ ಇದು? ತಿಪ್ಪೆ, ಬಣವೆ, ಕಪ್ಪು ಹಸು?"

"ಚಕ್ಕುಬಂದಿ ಸಾರ್."

"ಜಲ ಅಂತೈತೆ?"

ನಾನು ಬಾನೆಟ್ಟಿನ ಕೆಳಗೆ ತೋರಿಸಿದೆ. ರೇಡಿಯೇಟರಿನಿಂದ ನೀರು ಸಣ್ಣಗೆ ಹರಿಯುತ್ತಿತ್ತು.

"ತರು?"

ಹಿಂದಿನ ಸೀಟಿನ ಸಂದಿಯಲ್ಲಿ ಮಣ್ಣು ಕೂತು ಒಂದು ಅರಳಿ ಸಸಿ ಎದ್ದಿತ್ತು. ಮೂರು ಎಲೆ.

"ಪಾಷಾಣ?"

ಬಗ್ಗಿ ಚಕ್ರದ ಕೆಳಗೆ ಆಗತಾನೇ ಸಿಕ್ಕಿಸಿದ್ದ ಕಲ್ಲು ತೋರಿಸಿದೆ. ನಮ್ಮ ಹ್ಯಾಂಡ್‌ಬ್ರೇಕ್ ಅದೇ.

"ನಿಧಿ ಎಲ್ರೀ ಮತ್ತೆ?" ಎಂದು ಅವನೇ ಸೀಟಿನಡಿ ಕೈಯಾಡಿಸಿದ. ಸಾವ್ಕಾರರು ಎರಡು ವರ್ಷದಿಂದ ಹುಡುಕುತ್ತಿದ್ದ ಹಿತ್ತಾಳೆಯ ಎಲೆಅಡಿಕೆ ಡಬ್ಬಿ ಸಿಕ್ಕಿತು. ಅಡಿಕೆ ಇನ್ನೂ ಚೆನ್ನಾಗಿತ್ತು. ಒಂದು ಹೋಳು ಬಾಯಿಗೆ ಹಾಕಿಕೊಂಡು ಪತ್ರ ಮಡಿಸಿ ಕೊಟ್ಟ.

"ಹೋಗಿ ಗೌಡ್ರೇ. ನನ್ನ ಸರ್ವೀಸಲ್ಲಿ ಇಷ್ಟು ನಿಜ ಹೇಳೋ ಪೇಪರ್ ನಾನು ನೋಡೇ ಇಲ್ಲ."

ತಳ್ಳುವವರಿಗೆ ಮಾತ್ರ

ನನಗೆ ಡ್ರೈವಿಂಗ್ ಹುಟ್ಟಿನಿಂದಲೇ ಬರುತ್ತಿತ್ತು, ಕಲಿಯುವುದೊಂದು ಬಾಕಿ ಇತ್ತು. ಜೀಪಿಗೂ ಓಡುವುದು ಬರುತ್ತಿತ್ತು, ಹೊರಡುವುದೊಂದು ಬರುತ್ತಿರಲಿಲ್ಲ. ಆದ್ದರಿಂದ ನಾನು ಯಾರನ್ನಾದರೂ ಹತ್ತಿಸಿಕೊಳ್ಳುವ ಮುಂಚೆ ರಟ್ಟೆ ನೋಡುತ್ತಿದ್ದೆ.

ಒಮ್ಮೆ ನಮ್ಮೂರಿನ ಒಬ್ಬ ಮೇಷ್ಟ್ರ ಮದುವೆ. ಸಂಪಿಗೆಯ ದೇವಸ್ಥಾನದಲ್ಲಿ ಧಾರೆ. ಬಸ್ಸಿಗೆ ಕಾಯುವುದು ಬೇಡ, ಜೀಪಿನಲ್ಲೇ ಹೋಗಬೇಕೆಂದು ಅವರ ಆಸೆ. ವರ, ವರನ ಅಪ್ಪ, ಇಬ್ಬರು ಸೋದರಮಾವಂದಿರು, ಹಿಂದುಗಡೆ ಪುರೋಹಿತರು, ಅವರ ತೊಡೆಯ ಮೇಲೆ ತಾಂಬೂಲದ ತಟ್ಟೆ. ಸಂಪಿಗೆ ಇನ್ನೊಂದು ಮೈಲಿ ಇರುವಾಗ ಜೀಪು ಕೆಮ್ಮಿ ನಿಂತಿತು.

ಎಲ್ಲರೂ ಇಳಿದು ಪಂಚೆ ಕಟ್ಟಿ ತಳ್ಳಿದರು. ಪುರೋಹಿತರು ಇಳಿಯಲಿಲ್ಲ, ಅವರ ಸಂಭಾವನೆಯಲ್ಲಿ ತಳ್ಳುವುದು ಸೇರಿರಲಿಲ್ಲವಂತೆ. ಬಾಸಿಂಗ ಕಟ್ಟಿದ ವರನೇ ಎಲ್ಲರಿಗಿಂತ ಜೋರಾಗಿ ತಳ್ಳಿದ, ಅವಸರ ಅವನದಲ್ಲವೇ? ಜೀಪು ಒಮ್ಮೆಲೆ ಗರ್ಜಿಸಿ ಹೊರಟಿತು. "ಹತ್ರೋ ಹತ್ರೋ!" ಅಂದೆ. ಹತ್ತುವುದೆಲ್ಲಿ ಬಂತು, ಹಿಂದೆ ನೋಡಿದರೆ ಬರೀ ಧೂಳು.

ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಸತ್ತುಹೋಗುತ್ತದೆ. ಪುರೋಹಿತರನ್ನು ದೇವಸ್ಥಾನದ ಹತ್ತಿರ ಇಳಿಸಿ, ಹಾಗೇ ತಿರುಗಿಸಿಕೊಂಡು ಹೋಗಿ ವರನನ್ನು ತರುವುದೆಂದು ಲೆಕ್ಕ ಹಾಕಿದೆ. ದೇವಸ್ಥಾನ ಬಂತು. ಜನ ಓಡಿ ಬಂದರು.

"ಇಳೀರಿ ಸ್ವಾಮಿ!" ಅಂದೆ.

"ನಿಲ್ಲಿಸದೆ ಹೆಂಗಪ್ಪಾ ಇಳೀಲಿ?"

"ಮೆತ್ತಗೆ ಹೋಗ್ತೀನಿ, ಹಾರ್ಕೊಳಿ!"

"ಮೂರು ಮಕ್ಕಳ ತಂದೆ ಕಣಯ್ಯಾ ನಾನು!"

ಒಂದು ಸುತ್ತಾಯಿತು. ಎರಡಾಯಿತು. ಮೂರನೇ ಸುತ್ತಿಗೆ ಹೆಣ್ಣಿನವರ ಕಡೆಯ ಒಬ್ಬ ಅಜ್ಜಿ ಕೈ ಮುಗಿದು ಪಕ್ಕದವಳಿಗೆ ಹೇಳಿದ್ದು ನನ್ನ ಕಿವಿಗೇ ಬಿತ್ತು:

"ನೋಡೇ, ಪುರೋಹಿತರು ಜೀಪಲ್ಲೇ ಪ್ರದಕ್ಷಿಣೆ ಹಾಕ್ತಾವ್ರೆ. ಕಾಲ ಕೆಟ್ಟೋಯ್ತು ಕಣೇ, ದೇವರಿಗೂ ಪೆಟ್ರೋಲು ಬೇಕಾಯ್ತು!"

ಹೆಂಡತಿಯ ಸವಾರಿ

ಆ ಜೀಪನ್ನು ನನ್ನ ಹೆಂಡತಿ ಹತ್ತಿದ್ದು ಒಂದೇ ಸಲ, ತವರಿಗೆ ಹೋಗಲು. ಅವಳು ಕೂತ ಕಡೆ ತಗಡು ತುಕ್ಕು ಹಿಡಿದು ನೆಲ ಕಾಣುತ್ತಿತ್ತು. "ಕಾಲು ಎತ್ತಿಕೋ" ಅಂತ ಹೇಳಬೇಕಿತ್ತು, ಮರೆತೆ.

ಹಾಲ್ಕುರಿಕೆಯಲ್ಲಿ ನಾನು ದೊಡ್ಡ ಲೋಟದ ನಿರೀಕ್ಷೆಯಲ್ಲಿ ಜಗಲಿ ಮೇಲೆ ಎದೆಯುಬ್ಬಿಸಿ ಕೂತೆ. ಷಡ್ಡಕನೂ ಬಂದಿದ್ದ. ಅತ್ತೆ ಮಗಳನ್ನು ಕೇಳಿದರು, "ಜೀಪಲ್ಲಿ ಬಂದ್ಯಾ? ಹೆಂಗಿತ್ತೇ?"

"ಚೆನ್ನಾಗಿತ್ತು ಕಣಮ್ಮ. ಕೂತ್ಕೊಂಡು ಬಂದದ್ದು ಅರ್ಧ, ನಡ್ಕೊಂಡು ಬಂದದ್ದು ಅರ್ಧ."

ಸಣ್ಣ ಲೋಟವೇ ಬಂತು.

ಬಸ್ಸನ್ನು ಎಳೆದದ್ದು

ಈಗ ಹೇಳುವುದು ನನ್ನ ಜೀವನದ ದೊಡ್ಡ ಸಾಧನೆ. ನಂಬದವರು ಮುಂದಿನ ಪ್ರಸಂಗಕ್ಕೆ ಹೋಗಬಹುದು.

ಆ ಮಳೆಗಾಲ ದಂಡಿನಶಿವರದಿಂದ ಈಚೆ ಒಂದು ಹಳ್ಳದಲ್ಲಿ ತುರುವೇಕೆರೆಗೆ ಹೋಗುವ ಬಸ್ಸು ಕೆಸರಿನಲ್ಲಿ ಹೂತು ನಿಂತಿತ್ತು. ಆ ದಾರಿಗಿದ್ದದ್ದು ಅದೊಂದೇ ಬಸ್ಸು. ಜನ ಇಳಿದು ನಿಂತಿದ್ದರು. ನಾನು ಪಕ್ಕದ ಹೊಲದಲ್ಲೇ ಜೀಪು ನುಗ್ಗಿಸಿಕೊಂಡು ಬಂದೆ. ಏನೇ ಹೇಳಿ, ಕೆಸರಿಗಿಳಿದರೆ ಆ ಜೀಪು ಎಮ್ಮೆ ಇದ್ದ ಹಾಗೆ. ಅಲ್ಲೇ ಅದಕ್ಕೆ ಖುಷಿ.

"ಸರೀರಿ ಎಲ್ಲ!" ಎಂದು ಬಸ್ಸಿನ ಮೂತಿಗೆ ಹಗ್ಗ ಬಿಗಿದು ನಾಲ್ಕು ಚಕ್ರಕ್ಕೂ ಶಕ್ತಿ ಕೊಟ್ಟು ಎಳೆದೆ. ಬಸ್ಸು ಬಂತು! ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತು ಕೈ ಬೀಸಿದೆ. ಬೀಸುವ ಭರದಲ್ಲಿ ಕಾಲು ತಪ್ಪಿ, ಜೀಪು ಆಫ್ ಆಯಿತು.

ದಾರಿಯೋ ಕಿರಿದು, ಎರಡೂ ಕಡೆ ಕಳ್ಳಿ ಬೇಲಿ. ಜೀಪು ಸರಿಯದೆ ಬಸ್ಸಿಗೆ ದಾರಿಯಿಲ್ಲ. ಡ್ರೈವರಿಗೆ ಮೊದಲೇ ತಡವಾಗಿತ್ತು. "ಸ್ಟೇರಿಂಗ್ ಗಟ್ಟಿಯಾಗಿ ಹಿಡ್ಕೊಳಿ ಗೌಡ್ರೇ" ಎಂದವನೇ ಬಸ್ಸಿನ ಮೂತಿಯನ್ನು ಜೀಪಿನ ಬೆನ್ನಿಗೆ ಕೊಟ್ಟು ತಳ್ಳಿಕೊಂಡು ಹೊರಟ. ಆವತ್ತು ತಳ್ಳಿದರೂ ಜೀಪು ಏಳಲಿಲ್ಲ. ಹಾಗೇ ತುರುವೇಕೆರೆ ಬಸ್ ನಿಲ್ದಾಣದ ಒಳಕ್ಕೆ ಹೋದೆವು, ಮುಂದೆ ನಾನು, ಹಿಂದೆ ಬಸ್ಸು. ಇಡೀ ಪೇಟೆ ನೋಡಿತು.

ಕಂಡಕ್ಟರ್ ಇಳಿದು ನನ್ನ ಹತ್ತಿರ ಬಂದು ಟಿಕೆಟ್ ಪುಸ್ತಕ ತೆಗೆದ.

"ಏನಯ್ಯಾ? ಬಸ್ಸನ್ನ ಎಳೆದು ತೆಗೆದೋನು ನಾನು!"

"ಎಳೆದದ್ದು ನೋಡ್ದೋರು ಬಸ್ಸಲ್ಲಿದ್ದ ನಾಲ್ಕು ಜನ ಗೌಡ್ರೇ. ಇಡೀ ಪೇಟೆ ನೋಡಿದ್ದು ತಳ್ಕೊಂಡು ಬಂದದ್ದು. ನಿಮಗೆ ಬೇಡ, ಜೀಪಿಗಾದ್ರೂ ಒಂದು ಲಗೇಜ್ ಟಿಕೆಟ್ ತಗೊಳ್ಳಿ."

ಯುಗಾದಿ

ಯುಗಾದಿಗೆ ಎಂಟು ದಿನ ಇರುವಾಗ ಜೀಪು ಪೂರ್ತಿ ಕೈಕೊಟ್ಟಿತು. ತಳ್ಳಿದರೂ ಇಲ್ಲ, ಬೈದರೂ ಇಲ್ಲ. ತಿಪಟೂರಿನಿಂದ ಮೆಕ್ಯಾನಿಕ್ಕನ್ನು ಕರೆಸಿದೆ. ಬಾನೆಟ್ಟು ಎತ್ತಿ ನೋಡಿ, ಮೆಲ್ಲಗೆ ಮುಚ್ಚಿದ, ಮುಖದ ಮೇಲೆ ಬಟ್ಟೆ ಎಳೆಯುವ ಹಾಗೆ.

"ಏನಪ್ಪಾ?"

"ಮನೇಲಿ ಹೇಳ್ಬುಡಿ ಗೌಡ್ರೇ."

ಮನೆಯಲ್ಲಿ ಹೇಳುವುದೊಂದು ಬಿಟ್ಟು ಏನು ಬೇಕಾದರೂ ಮಾಡುತ್ತಿದ್ದೆ. ತಪ್ಪಿದವರ ಸ್ವತ್ತು ಇನ್ನೊಬ್ಬರಿಗೆ! ನಲವತ್ತು ಮರ ಸಾವ್ಕಾರರ ಪಾಲು, ನಾನು ಬೀದಿ ಪಾಲು. ಹೆಂಡತಿ ದಿನಾ ಬೆಳಿಗ್ಗೆ ಕ್ಯಾಲೆಂಡರಿನ ಹಾಳೆ ನೋಡಿ ನನ್ನ ಮುಖ ನೋಡುತ್ತಿದ್ದಳು. ಏಳನೇ ದಿನ ಏರಿಯ ಮೇಲೆ ನಿಂತು ಕೆಳಗೆ ನೋಡಿದಾಗ ಬುದ್ಧಿ ಓಡಿತು. ಏರಿಯಿಂದ ಸಾವ್ಕಾರರ ಮನೆಯವರೆಗೆ ಒಂದೇ ಇಳಿಜಾರು.

ಹಬ್ಬದ ಬೆಳಿಗ್ಗೆ ನನ್ನ ಎತ್ತುಗಳನ್ನು ಕಟ್ಟಿ ಜೀಪನ್ನು ಏರಿಯ ಮೇಲಿನ ಹೊಂಗೆ ಮರದವರೆಗೆ ಎಳೆಸಿ, ಎತ್ತು ಬಿಚ್ಚಿ ವಾಪಸ್ ಅಟ್ಟಿದೆ. ಹೊಸ ಪಂಚೆ, ಹಣೆಗೆ ವಿಭೂತಿ. ಚಕ್ರದ ಕಲ್ಲು ತೆಗೆದು ಹಾರಿ ಕೂತೆ. ಎತ್ತು ಕಟ್ಟಿಲ್ಲ, ಆಳು ತಳ್ಳಿಲ್ಲ. ಜೀಪು ತಾನೇ ಹೊರಟಿತು, ಸದ್ದಿಲ್ಲದೆ, ದೇವರು ಹೊರಟ ಹಾಗೆ.

ಸಾವ್ಕಾರರು ನಾಲ್ಕು ಜನ ಹಿರಿಯರನ್ನು ಕೂರಿಸಿಕೊಂಡು ಜಗಲಿಯ ಮೇಲಿದ್ದರು. ಅವರ ಮುಂದೆಯೇ ಜಾರಿ ಬಂದು, ಅಂಗಳದ ಹುಲ್ಲಿನ ರಾಶಿಗೆ ಮೂತಿ ಇಟ್ಟು ನಿಲ್ಲಿಸಿದೆ. ನಿಲ್ಲಿಸಿದ್ದು ಹುಲ್ಲು; ಹೆಸರು ನನ್ನದಾಗಲಿ.

"ಎಂಜಿನ್ ಸದ್ದೇ ಇಲ್ವಲ್ಲ ಗೌಡ್ರೇ!"

"ನೀವು ಕೊಟ್ಟಾಗ ಗುಡುಗ್ತಿತ್ತು. ಒಂದು ವರ್ಷ ಬೆಣ್ಣೆ ಹಾಕಿ ಸಾಕಿದೀನಿ. ಬೇಕಾದ್ರೆ ಇನ್ನೊಂದು ಸಲ ಸ್ಟಾರ್ಟ್ ಮಾಡಿ ತೋರಿಸಲಾ?" ಅಂದೆ.

"ಬ್ಯಾಡ ಬುಡಿ, ನಿಮ್ಮ ಮೇಲೆ ನಂಬಿಕೆ ಇಲ್ವಾ? ನೀವು ಬೇಕಾದ್ರೆ ತೋಟಕ್ಕೆ ಬನ್ನಿ, ಮರ ಎಣಿಸಿಕೊಳ್ಳಿ" ಅಂದರು ಅವರು, ಯಾಕೋ ಹಣೆ ಒರೆಸಿಕೊಳ್ಳುತ್ತ.

"ಬ್ಯಾಡ ಬುಡಿ, ನಿಮ್ಮ ಮೇಲೆ ನನಗೆ ನಂಬಿಕೆ ಇಲ್ವಾ?"

ಹಿರಿಯರ ಕಣ್ಣಲ್ಲಿ ನೀರು. ಇಂಥ ಸಜ್ಜನರನ್ನು ಅವರು ಕಂಡೇ ಇರಲಿಲ್ಲ. ಪತ್ರವನ್ನು ಹರಿಯಲು ಇಬ್ಬರೂ ಒಟ್ಟಿಗೇ ಕೈ ಹಾಕಿದೆವು; ಅಷ್ಟು ಅವಸರ. ಹೋಳಿಗೆ ಊಟ ಮಾಡಿ ಮನೆಗೆ ಬಂದೆ. "ತೋಟ ಬಂತು ಕಣೇ!" ಅಂದೆ. ಅವಳು ಮೊದಲ ಸಲ ನಕ್ಕಳು.

ಮಾರನೇ ದಿನ ಮಧ್ಯಾಹ್ನ ಇಬ್ಬರೂ ತೋಟಕ್ಕೆ ಹೋದೆವು, ಎಮ್ಮೆ ಹೊಡೆದುಕೊಂಡು. ಅವಳು ಒಂದೊಂದು ಮರವನ್ನೂ ಮುಟ್ಟಿ ಎಣಿಸಿದಳು. ನಲವತ್ತು. ನಾನು ಮೀಸೆ ತಿರುವಿದೆ. ಅವಳು ಬಾವಿ ಪಕ್ಕದ ಮರದ ಹತ್ತಿರ ನಿಂತಳು.

"ರೀ, ಈ ಮರ ಬಾವಿ ಕಡೆಗೆ ವಾಲಿತ್ತು. ಈಗ ಕಂಬದ ಹಾಗೆ ನಿಂತೈತಲ್ಲ?"

"ನನ್ನ ಕೈಗುಣ ಕಣೇ. ಹಬ್ಬಕ್ಕೆ ನೆಟ್ಟಗಾಗೈತೆ."

ಅಷ್ಟರಲ್ಲಿ ಎಮ್ಮೆ ಬಂದು ಆ ಮರಕ್ಕೆ ಮೈ ತಿಕ್ಕಿತು. ಒಂದು ಸಲ ತಿಕ್ಕಿತು. ಎರಡನೇ ಸಲಕ್ಕೆ ಮರ ಮಲಗಿತು. ಬುಡದಲ್ಲಿ ಒಂದು ಬೇರಿಲ್ಲ. ಯಾವಾಗಲೋ ಗಾಳಿಗೆ ಬಿದ್ದ ಮರದ ಬುಡ ಕುಯ್ದು, ಗುಂಡಿ ತೋಡಿ ಹೂತು, ತುದಿಗೆ ಹಸಿ ಗರಿಗಳನ್ನು ತೆಂಗಿನ ನಾರಿನ ಹಗ್ಗದಲ್ಲಿ ಬಿಗಿದಿದ್ದರು. ಹೌದು, ನಲವತ್ತೂ ನೆಟ್ಟಗೆ ನಿಂತಿದ್ದವು. ಕರಾರಿನಲ್ಲಿ ನಿಂತಿರಬೇಕು ಅಂತಿತ್ತು, ಬದುಕಿರಬೇಕು ಅಂತಿರಲಿಲ್ಲ.

"ಹೋಗಿ ಕೇಳ್ಕೊಂಡು ಬನ್ನಿ," ಅಂದಳು.

ನನಗೆ ರೋಷ ಉಕ್ಕಿತು. ಇಷ್ಟು ಮೋಸವೇ! ಪ್ರಾಮಾಣಿಕತೆ ಅನ್ನುವುದು ಲೋಕದಲ್ಲಿ ಉಳಿದಿಲ್ಲವೇ! ಒಂದು ಗರಿ, ಅದಕ್ಕೆ ಕಟ್ಟಿದ್ದ ಹಗ್ಗ ಕೈಗೆ ತಗೊಂಡು, ಪಂಚೆ ಎತ್ತಿ ಕಟ್ಟಿ ಏರಿಯ ಮೇಲೆ ಬಿರಬಿರನೆ ಹೊರಟೆ. ಎದುರಿಗೆ, ಪಂಚೆ ಎತ್ತಿ ಕಟ್ಟಿ, ಕೆಂಪು ಮುಖ ಮಾಡಿಕೊಂಡು, ಕೈಯಲ್ಲಿ ಜೀಪು ಸ್ಟಾರ್ಟ್ ಮಾಡುವ ಹ್ಯಾಂಡಲ್ ಹಿಡಿದು ಸಾವ್ಕಾರರು ಬಿರಬಿರನೆ ಬರುತ್ತಿದ್ದರು.

ಇಬ್ಬರೂ ಹೊಂಗೆ ಮರದ ಹತ್ತಿರ ನಿಂತೆವು. ನಾನು ಅವರ ಕೈಯ ಹ್ಯಾಂಡಲ್ ನೋಡಿದೆ. ಅವರು ನನ್ನ ಕೈಯಲ್ಲಿದ್ದ ಗರಿ, ನಾರಿನ ಹಗ್ಗ ನೋಡಿದರು.

"ಎಲ್ಲಿಗೆ ಹೊರಟ್ರಿ ಗೌಡ್ರೇ?" ಅಂದರು ಸಾವ್ಕಾರರು.

"ಸುಮ್ನೆ ಗಾಳಿಗೆ. ತಾವು?"

"ನಾನೂ ಗಾಳಿಗೇ."

ಒಂದೆಲೆ ಅಲ್ಲಾಡುತ್ತಿರಲಿಲ್ಲ. ಬಿಸಿಲು ನೆತ್ತಿ ಸುಡುತ್ತಿತ್ತು. ಇಬ್ಬರೂ ಕೂತೆವು.

"ಮರ ಎಲ್ಲ ಚೆನ್ನಾಗವಾ?"

"ಚೆನ್ನಾಗವೆ. ಜೀಪು?"

"ಏನ್ ಜೀಪು ಗೌಡ್ರೇ! ಸದ್ದೇ ಇಲ್ಲ."

ಎಲೆಅಡಿಕೆ ಹಾಕಿಕೊಂಡು ಎದ್ದು, ಅವರು ಆ ಕಡೆ ಇಳಿದರು, ನಾನು ಈ ಕಡೆ. ಹೆಂಡತಿ ತೋಟದ ಬಾಗಿಲಲ್ಲೇ ನಿಂತಿದ್ದಳು.

"ಕೇಳಿದ್ರಾ?"

"ಕೇಳಿದೆ."

"ಏನಂದ್ರು?"

"ಮರ ಚೆನ್ನಾಗವಾ ಅಂದ್ರು."

"ನೀವೇನಂದ್ರಿ?"

"ಚೆನ್ನಾಗವೆ ಅಂದೆ."

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬಿದ್ದ ಮರ ನೋಡಿದಳು. ಆಮೇಲೆ ಬಾವಿ ಪಕ್ಕದ ಖಾಲಿ ಗುಂಡಿಯ ಕಡೆ ಬೆರಳು ತೋರಿಸಿದಳು.

"ಮೂವತ್ತೊಂಬತ್ತು ಬಂದವೆ. ಹೋಗಿ, ನಲವತ್ತನೇದರ ಜಾಗದಲ್ಲಿ ನೀವು ನಿಂತ್ಕೊಳಿ."